ಎಮ್ಮಿಗುಂಡಿ ಹೊಲದ ಮೊಕದ್ದಮೆ

ಬಳ್ಳಾರಿ
೩ ಆಗಸ್ಟ್ ೧೯೭೮

ಅಕ್ಕನಿಗೆ ಉಜ್ಜಿನಪ್ಪನ ನಮಸ್ಕಾರಗಳು.

ಕಂಡಕ್ಟರನ ಕೈಯಲ್ಲಿ ಕಳಿಸಿದ ಶೇಂಗಾ ಹಿಂಡಿ ಮುಟ್ಟಿತು. ರೊಟ್ಟಿಗೆ ಹಚ್ಚಿಕೊಂಡು ಅರ್ಧ ಡಬ್ಬಿ ಆಗಲೇ ಖಾಲಿ, ಇನ್ನರ್ಧವನ್ನು ರೂಮಿನವರ ಕಣ್ಣಿಗೆ ಬೀಳದ ಹಾಗೆ ಟ್ರಂಕಿನಲ್ಲಿ ಇಟ್ಟಿದ್ದೇನೆ.

ಕಾಲೇಜಿನ ಸುದ್ದಿ ಹೇಳುತ್ತೇನೆ ಕೇಳು. ಇಲ್ಲಿ ಕಾನೂನು ಪಾಠ ಎಂದರೆ ಮೇಷ್ಟ್ರು ಹಳದಿ ಬಿದ್ದ ಹಾಳೆ ನೋಡಿ ಓದುವುದು, ಹುಡುಗರು ತಲೆ ಎತ್ತದೆ ಬರೆದುಕೊಳ್ಳುವುದು. ನಾನು ಅದನ್ನು ಬಿಟ್ಟುಬಿಟ್ಟೆ. ನೋಟ್ಸ್ ಬರೆಸುವುದಿಲ್ಲ. ಕ್ಲಾಸಿಗೆ ಹೋದವನೇ ಯಾರನ್ನಾದರೂ ಹೆಸರು ಹಿಡಿದು ಎಬ್ಬಿಸುತ್ತೇನೆ. "ನಿನ್ನ ಕೋಳಿ ಪಕ್ಕದ ಮನೆಯ ಹಿತ್ತಲಲ್ಲಿ ಮೊಟ್ಟೆ ಇಟ್ಟಿತು. ಮೊಟ್ಟೆ ಯಾರದು? ಯಾಕೆ?" ಅವನು ಏನೇ ಹೇಳಲಿ, ನಾನು ಇನ್ನೊಂದು ಪ್ರಶ್ನೆ ಹಾಕುತ್ತೇನೆ. ಕೆಲವರಿಗೆ ಇದರ ರುಚಿ ಹತ್ತಿದೆ. ಕೆಲವರು ಹೋಗಿ ದೂರು ಕೊಟ್ಟಿದ್ದಾರೆ. ಪ್ರಿನ್ಸಿಪಾಲರು ಕರೆಸಿ, "ಏನ್ರೀ ಉಜ್ಜಿನಪ್ಪ, ಪಗಾರ ತಗೊಳ್ಳೋರು ನೀವು, ಪಾಠ ಮಾಡೋರು ಹುಡುಗ್ರೇನು?" ಎಂದರು. ಕೆಲಸ ಇನ್ನೂ ಖಾಯಂ ಆಗಿಲ್ಲ. ಈ ವರ್ಷ ಆಗದಿದ್ದರೆ ಮನೆಗೆ ಕಳಿಸುತ್ತಾರೆ. ಎದೆಯಲ್ಲಿ ಅದೊಂದು ಪುಕುಪುಕು ಇದ್ದೇ ಇದೆ.

ನೀನು ಬರೆದ ಹೊಲದ ವಿಷಯ. ಮರಿಬಸಪ್ಪ ಭಾವ ಏನೇ ಹೇಳಲಿ, ಯಾವ ಕಾಗದಕ್ಕೂ ಸಹಿ ಹಾಕಬೇಡ. ದಸರೆಯ ರಜೆಗೆ ಬಂದು ನಾನೇ ಮಾತಾಡುತ್ತೇನೆ. ಅಲ್ಲಿಯವರೆಗೆ ತಲೆ ಕೆಡಿಸಿಕೊಳ್ಳಬೇಡ.

ನಿನ್ನ ತಮ್ಮ,
ಉಜ್ಜಿನಪ್ಪ


ಹಚ್ಚೊಳ್ಳಿ
೧೨ ಆಗಸ್ಟ್ ೧೯೭೮

ತಮ್ಮ ಉಜ್ಜಿನಪ್ಪನಿಗೆ ಅಕ್ಕ ಚನ್ನವೀರಮ್ಮನ ಆಶೀರ್ವಾದ.

ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಂತೆ. ಬರೆದಿದ್ದೇನೆ.

ನಿನ್ನ ಪತ್ರ ಓದಿ ಒಬ್ಬಳೇ ನಕ್ಕೆ. ಅಲ್ಲಪ್ಪಾ, ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಹುಡುಗರಿಗೆ ಮೊಟ್ಟೆಯ ಲೆಕ್ಕ ಕೇಳುತ್ತೀಯಲ್ಲ! ಅಪ್ಪ ಇದ್ದಿದ್ದರೆ ಕುರುಗೋಡಿನಿಂದ ನಡೆದುಕೊಂಡೇ ಬಂದು ಕಿವಿ ಹಿಂಡುತ್ತಿದ್ದ. ಆ ಪ್ರಿನ್ಸಿಪಾಲರ ಮುಂದೆ ಸ್ವಲ್ಪ ತಗ್ಗಿ ನಡೆ. ನೀನು ಸಣ್ಣವನಿದ್ದಾಗಲೂ ಹೀಗೇ ಇದ್ದೆ. ಯಾಕ, ಯಾಕ, ಯಾಕ ಎಂದು ಕೇಳಿ ಕೇಳಿ ಅವ್ವನ ಕೈಯಲ್ಲಿ ಏಟು ತಿನ್ನುತ್ತಿದ್ದೆ.

ಇಲ್ಲಿ ಕಾಲುವೆಗೆ ನೀರು ಬಿಟ್ಟಿದ್ದಾರೆ. ಎಮ್ಮಿಗುಂಡಿ ಹೊಲದಲ್ಲಿ ನಾಟಿ ಮುಗಿಯಿತು. ನಾನು ನೋಡಲು ಹೋಗಲಿಲ್ಲ. "ನೀ ಯಾಕ ಬಿಸಲಾಗ ಬರ್ತೀವ್ವಾ, ನಾವಿಲ್ಲೇನು?" ಎಂದರು ಭಾವ. ಬಲು ಮೃದುವಾಗಿಯೇ ಅಂದರು. ಈಗ ಎಲ್ಲವನ್ನೂ ಮೃದುವಾಗಿಯೇ ಅನ್ನುತ್ತಾರೆ, ಅದಕ್ಕೇ ನನಗೆ ಹೆದರಿಕೆ. ನನ್ನ ಯಜಮಾನರು, ನಿಮ್ಮ ಮಾವ, ಇದ್ದಾಗ ಆ ಹೊಲದ ಬದುವಿನ ಮೇಲೆ ಕೂತು ಇಬ್ಬರೂ ರೊಟ್ಟಿ ಬಿಚ್ಚುತ್ತಿದ್ದೆವು. ಈಗ ಹೊಲ ಅಣ್ಣತಮ್ಮಂದಿರ ಜಂಟಿಯಲ್ಲಿದೆಯಂತೆ, ತಮ್ಮ ಸತ್ತ ಮೇಲೆ ಎಲ್ಲ ಅಣ್ಣನಿಗೇ ಬರುತ್ತದಂತೆ. ಮಕ್ಕಳಿಲ್ಲದವಳಿಗೆ ಹೊಲ ಯಾಕೆ, ಹಕ್ಕು ಬಿಟ್ಟೆ ಅಂತ ಒಂದು ಪತ್ರ ಬರೆದುಕೊಡು, ಸಾಯುವ ತನಕ ಅನ್ನ ಹಾಕುತ್ತೇವೆ ಅನ್ನುತ್ತಾರೆ. ಇದು ಖರೆಯೇನು? ಕಾಯ್ದೆಯಲ್ಲಿ ನನಗೆ ಏನಾದರೂ ಇದೆಯೋ ಇಲ್ಲವೋ? ಇದ್ದರೆ ಎಷ್ಟು? ನನಗೆ ಅರ್ಥವಾಗುವ ಹಾಗೆ ಬರೆ. ತವರು ಅಂದರೆ ಈಗ ನೀನೊಬ್ಬನೇ.

ಅಕ್ಕ


ಬಳ್ಳಾರಿ
೨೫ ಆಗಸ್ಟ್ ೧೯೭೮

ಅಕ್ಕಾ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಪ್ರಿನ್ಸಿಪಾಲರು ಒಂದು ಅವಕಾಶ ಕೊಟ್ಟಿದ್ದಾರೆ. ಮುಂದಿನ ತಿಂಗಳು ನನ್ನ ಕ್ಲಾಸಿನಲ್ಲಿ ಅಣಕು ನ್ಯಾಯಾಲಯ ನಡೆಸಬೇಕು, ಅವರು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಅದು ಚೆನ್ನಾಗಿ ನಡೆದರೆ ನನ್ನ ಪಾಠದ ಪದ್ಧತಿಗೂ ನನಗೂ ಉಳಿಗಾಲ.

ಹುಡುಗರಲ್ಲೇ ಇಬ್ಬರು ವಕೀಲರು, ಜಡ್ಜ್ ನಾನು. ಯಾರು ಯಾವ ಕಡೆಗೆ ಎಂದು ಚೀಟಿ ಎತ್ತಿ ಆರಿಸಿದೆ. ಒಂದು ಕಡೆಗೆ ಕೊಟ್ಟೂರಪ್ಪ ಎಂಬ ಹುಡುಗ, ಮಾತಿನ ಮಲ್ಲ. ಇನ್ನೊಂದು ಕಡೆಗೆ ನಮ್ಮ ಕುರುಗೋಡಿನ ಮಾರೆಣ್ಣ. ಅವನು ಓದಿಕೊಂಡಷ್ಟು ಇಡೀ ಕ್ಲಾಸಿನಲ್ಲಿ ಯಾರೂ ಓದಿಲ್ಲ, ಆದರೆ ಎದ್ದು ನಿಂತರೆ ಬಾಯಿ ಬರುವುದಿಲ್ಲ. ಅವನ ಬಾಯಿ ಬಿಡಿಸಲೇಬೇಕು ಎಂದು ಹಟ ಹಿಡಿದಿದ್ದೇನೆ.

ಪುಸ್ತಕದಲ್ಲಿರುವ ಹಳೆಯ ಮೊಕದ್ದಮೆ ಕೊಟ್ಟರೆ ಹುಡುಗರು ಆಕಳಿಸುತ್ತಾರೆ. ನಮ್ಮ ಕಡೆಯದೇ ಜೀವಂತ ವ್ಯಾಜ್ಯ ಬೇಕಿತ್ತು. ನಿನ್ನ ಪತ್ರ ಮೇಜಿನ ಮೇಲೇ ಇತ್ತು, ಅದನ್ನೇ ಸಮಸ್ಯೆಯಾಗಿ ಬರೆದುಕೊಟ್ಟೆ. ಹೆದರಬೇಡ, ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ನೀನು ಹಂಪಮ್ಮ, ಭಾವ ಚಿದಾನಂದಪ್ಪ. ಊರಿನ ಹೆಸರೂ ಹಾಕಿಲ್ಲ. ದೇವರಿಗೂ ಗೊತ್ತಾಗುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಕಾಯ್ದೆ ನಿನ್ನ ಕಡೆಗೇ ಇದೆ. ಅದು ಸ್ವಲ್ಪ ತೊಡಕಿನ ಕಲಮು, ಬಂದಾಗ ಕೂತು ಹೇಳುತ್ತೇನೆ.

ಉಜ್ಜಿನಪ್ಪ


ಹಚ್ಚೊಳ್ಳಿ
೯ ಸೆಪ್ಟೆಂಬರ್ ೧೯೭೮

ತಮ್ಮ ಉಜ್ಜಿನಪ್ಪನಿಗೆ ಆಶೀರ್ವಾದ.

ನನ್ನ ಗೋಳು ಹುಡುಗರ ಮುಂದೆ ಓದಿದೆ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಸಿಟ್ಟು ಇಳಿಯಿತು. ಕಾಯ್ದೆ ಕಲಿತ ಅಷ್ಟು ಮಂದಿ ನನ್ನ ಸಲುವಾಗಿ ತಲೆ ಕೆಡಿಸಿಕೊಳ್ಳುತ್ತಾರಲ್ಲ ಎಂದು ಒಂಥರಾ ಧೈರ್ಯವೂ ಬಂತು. ಈ ಮನೆಯಲ್ಲಿ ಅಂಥವರು ಯಾರೂ ಇಲ್ಲ.

ಸೋಮವಾರ ಭಾವ ಸಿರುಗುಪ್ಪಕ್ಕೆ ಹೋಗಿ ಛಾಪಾ ಕಾಗದ ತಂದರು. ಪತ್ರ ಬರೆಸಿಕೊಂಡೇ ಬಂದಿದ್ದಾರೆ. ದೇವರ ಜಗುಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟಿದ್ದಾರೆ. ದಿನಾ ಪೂಜೆಗೆ ಕೂತಾಗ ಅದು ಕಣ್ಣಿಗೆ ಬೀಳುತ್ತದೆ. ಭಾವನ ಹೆಂಡತಿ, ನನ್ನ ನೆಗೆಣ್ಣಿ, ರೊಟ್ಟಿ ಬಡಿಯುತ್ತಾ, "ಸಹಿ ಅಂದ್ರ ಏನು, ಉಂಡ ಮನಿಗೆ ಕೊಡೋ ಒಂದು ಮಾತು ಅಷ್ಟ" ಎಂದಳು. ನನಗೆ ಜ್ವರ ಎಂದು ಹೇಳಿ ಮಲಗಿಬಿಟ್ಟೆ. ಸುಳ್ಳು ಜ್ವರವನ್ನು ಎಷ್ಟು ದಿನ ಕಾಯಿಸಲಿ? ಊಟ ಸೇರುವುದಿಲ್ಲ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದುಬಿಟ್ಟೆ.

ನಿನ್ನ ಕೋರ್ಟ್ ಆಯಿತೇನು? ಹಂಪಮ್ಮ ಗೆದ್ದಳೇನು? ಮೊದಲು ಅದನ್ನು ತಿಳಿಸು. ಅವಳು ಗೆದ್ದರೆ ನಾನೂ ಭಾವನ ಮುಂದೆ ಹೋಗಿ ನಿಂತು ಬಾಯಿ ಬಿಡುತ್ತೇನೆ.

ಅಕ್ಕ


ಬಳ್ಳಾರಿ
೨೦ ಸೆಪ್ಟೆಂಬರ್ ೧೯೭೮

ಅಕ್ಕನಿಗೆ ನಮಸ್ಕಾರ.

ಅಣಕು ನ್ಯಾಯಾಲಯ ಶನಿವಾರ ನಡೆಯಿತು. ಬೇರೆ ವರ್ಷದ ಹುಡುಗರೂ ಬಂದು ಬಾಗಿಲಲ್ಲಿ ನಿಂತಿದ್ದರು. ಯಾರದೋ ಮದುವೆಯ ಕೋಟು ತಂದು ನನಗೆ ಹಾಕಿಸಿದ್ದರು, ತೋಳು ಮೊಣಕೈವರೆಗೆ ಮಾತ್ರ ಬರುತ್ತಿತ್ತು. ಚಿದಾನಂದಪ್ಪನ ವಕೀಲ ಕೊಟ್ಟೂರಪ್ಪ ಅರ್ಧ ಗಂಟೆ ಮಾತಾಡಿದ. ಜಂಟಿ ಕುಟುಂಬ, ಪಾಲೇ ಆಗಿಲ್ಲ, ಸತ್ತವನ ಭಾಗ ಉಳಿದವನಿಗೇ ಎಂದು ಎಷ್ಟು ಜೋರಾಗಿ ಹೇಳಿದನೆಂದರೆ ಹೊರಗಿದ್ದವರು ಚಪ್ಪಾಳೆ ತಟ್ಟಿದರು. ಹಂಪಮ್ಮನ ಕಡೆಯಿಂದ ಮಾರೆಣ್ಣ ಎದ್ದು ನಿಂತ. "ಮಾನ್ಯರೇ" ಎಂದ. ಮಾತು ಮುಂದಕ್ಕೆ ಹೋಗಲಿಲ್ಲ. ನಾನು ಕಾದೆ. ಪ್ರಶ್ನೆ ಹಾಕಿ ದಾರಿ ತೋರಿಸಿದೆ. ಅವನ ಕೈಯಲ್ಲಿದ್ದ ಹಾಳೆಯಲ್ಲಿ ಎಲ್ಲವೂ ಬರೆದಿತ್ತು. ಓದಲಿಲ್ಲ, ಕೂತುಬಿಟ್ಟ.

ಪ್ರಿನ್ಸಿಪಾಲರಿಗೆ ಬಹಳ ಸಂತೋಷವಾಯಿತು. "ಕೋರ್ಟಿಗೆ ಹೋಗಿ ಬಂದಂಗಾತು ನೋಡ್ರಿ" ಎಂದರು. ಅಕ್ಟೋಬರ್ ಐದಕ್ಕೆ ಕಮಿಟಿ ಕೂಡುತ್ತದೆ, ಖಾಯಂ ಮಾಡಲು ನನ್ನ ಹೆಸರು ಇಡುತ್ತಾರಂತೆ.

ಇಂಥ ಪಾಠದಲ್ಲಿ ತೀರ್ಪು ಮುಖ್ಯವಲ್ಲ ಅಕ್ಕಾ, ವಾದ ಮಾಡಲು ಕಲಿಯುವುದು ಮುಖ್ಯ. ನೀನು ಅದರ ಮೇಲೆ ಮನಸ್ಸಿಡಬೇಡ. ಸಹಿ ಮಾತ್ರ ಹಾಕಬೇಡ. ಊಟ ಸರಿಯಾಗಿ ಮಾಡು.

ಉಜ್ಜಿನಪ್ಪ


ಹಚ್ಚೊಳ್ಳಿ
೩೦ ಸೆಪ್ಟೆಂಬರ್ ೧೯೭೮

ಉಜ್ಜಿನಪ್ಪಾ,

ಸಾಲಿ ಕನ್ನಡದಾಗ ಸಿಟ್ಟು ಬರಿಯಾಕ ಬರಂಗಿಲ್ಲ ನನಗ. ಮಾತಾಡಿದಂಗ ಬರೀತೀನಿ, ಓದು.

ಹಂಪಮ್ಮ ಸೋತಳಂತಲ್ಲೋ. ಸೋಲಿಸಿದಾವ ನೀನಂತಲ್ಲೋ.

ನಿನ್ನ ಮಾತಿನ ಮಲ್ಲ ಕೊಟ್ಟೂರಪ್ಪನ ತಾಯಿ ತವರುಮನಿ ಯಾವೂರು ಅಂತ ಗೊತ್ತೈತೇನು? ಹಚ್ಚೊಳ್ಳಿ. ಎಲ್ಲಾರ ಹೆಸರು ಬದಲಿ ಮಾಡೀನಿ ಅಂದಿ, ಹೊಲದ ಹೆಸರು ಯಾಕ ಹಂಗ ಬಿಟ್ಟಿ? ಎಮ್ಮಿಗುಂಡಿ ಹೊಲ ಅಂದ್ರ ಈ ಸುತ್ತಿನಾಗ ಒಂದ ಐತಿ. ಮನುಷ್ಯಾರಿಗೆ ಒಂದ ಹೆಸರಿನಾವ್ರು ನಾಕು ಮಂದಿ ಇರ್ತಾರ, ಹೊಲಕ್ಕ ಇರ್ತಾವೇನು? ಕುರುಗೋಡಿನ ರೈತನ ಮಗ ಆಗಿ ಇಷ್ಟು ತಿಳೀಲಿಲ್ಲೇನು ನಿನಗ?

ಆ ಹುಡುಗ ಸೋದರಮಾವನ ಮನಿಗೆ ಬಂದಾವ ಕಟ್ಟಿ ಮ್ಯಾಲೆ ಕುಂತು ನಾ ಗೆದ್ದೆ ಅಂತ ಹೇಳ್ಯಾನ. ಅದು ಓಣಿ ದಾಟೋದ್ರಾಗ ಕ್ಲಾಸು ಹೋಗಿ ಕೋರ್ಟಾತು. ಮರುದಿನ ಮುಂಜಾನಿ ನೀರಿಗೆ ಹೋದ್ರ ಬಾವಿಕಟ್ಟಿ ಮ್ಯಾಲಿನ ಹೆಣ್ಮಕ್ಕಳು ನನ್ನ ನೋಡಿ ಮಾತು ನಿಲ್ಲಿಸಿದ್ರು. ಬಳ್ಳಾರಿ ಕೋರ್ಟಿನಾಗ ಎಮ್ಮಿಗುಂಡಿ ಹೊಲದ ತೀರ್ಪಾತಂತ, ಹೆಣಮಗಳು ಸೋತಳಂತ.

ನಿನ್ನೆ ಭಾವ ಊರಾಗಿನ ಹಿರೇರ್ನ ಕೂಡಿಸಿದ್ರು. ನಾ ಬಾಗಲ ಹಿಂದ ನಿಂತಿದ್ದೆ. "ನಾ ಏನೂ ಅನ್ನಂಗಿಲ್ರಪಾ, ಆಯಮ್ಮನ ಒಡಹುಟ್ಟಿದ ತಮ್ಮನ ಜಡ್ಜಾಗಿ ಕುಂತು ಹೊಲ ನನಗ ಸೇರಬೇಕಂತ ಹೇಳ್ಯಾನ" ಅಂದ್ರು. ಎಲ್ಲಾರೂ ಗೋಣು ಹಾಕಿದ್ರು. ಆ ಹಿರೇರಾಗ ಒಬ್ಬಾತ, "ತಮ್ಮಗ ಇಲ್ಲದ ಕಾಳಜಿ ನಮಗ್ಯಾಕ?" ಅಂದ. ನಾ ಏನು ಹೇಳಲಿ? ಬೇಲಿನ ಎದ್ದು ಹೊಲ ಮೇಯ್ದ ಮ್ಯಾಲೆ ಯಾರ ಮುಂದ ಅಳಲಿ?

ನೀ ಖರೇನ ಹಂಗ ತೀರ್ಪು ಹೇಳಿದೇನು? ಹೇಳಿದ್ರ ನನಗ್ಯಾಕ ಬರೀಲಿಲ್ಲ? ಕಾಯ್ದಿ ನನ್ನ ಕಡಿ ಐತಿ ಅಂದಿದ್ದು ಸುಳ್ಳೇನು?

ಗುರುವಾರ ಐದನೇ ತಾರೀಖು ಸಿರುಗುಪ್ಪದ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರಕೊಂಡು ಹೋಗ್ತಾರ. ನಾ ಬರ್ತೀನಿ ಅಂದೀನಿ. ಮತ್ತೇನು ಮಾಡಲಿ?

ಚನ್ನವೀರಮ್ಮ


ಬಳ್ಳಾರಿ
೪ ಅಕ್ಟೋಬರ್ ೧೯೭೮, ಸಂಜೆ

ಅಕ್ಕಾ,

ನಿನ್ನ ಪತ್ರ ಈಗ ಕೈಗೆ ಬಂತು. ಅಂಚೆಗೆ ಹಾಕಿದರೆ ನಾಳೆ ಮುಟ್ಟುವುದಿಲ್ಲ. ಮಾರೆಣ್ಣನ ಕೈಯಲ್ಲಿ ಕೊಟ್ಟು ಬೆಳಗಿನ ಮೊದಲ ಬಸ್ಸಿಗೆ ಕಳಿಸುತ್ತಿದ್ದೇನೆ. ಅವನೇ ತಾನಾಗಿ ಹೋಗುತ್ತೇನೆ ಎಂದ.

ಹೌದು, ನಾನೇ ಹೇಳಿದೆ. ಆದರೆ ಅದು ತೀರ್ಪಲ್ಲ, ಅದು ಪಾಠ! ಜಡ್ಜ್ ತನಗೆ ಗೊತ್ತಿರುವುದನ್ನು ನೋಡಬಾರದು, ತನ್ನ ಮುಂದೆ ವಾದಿಸಿದ್ದನ್ನು ಮಾತ್ರ ನೋಡಬೇಕು ಎಂದು ನಾನೇ ಹುಡುಗರಿಗೆ ನಿಯಮ ಹಾಕಿದ್ದೆ. ಮಾರೆಣ್ಣ ಬಾಯಿ ಬಿಡಲಿಲ್ಲ. ಪ್ರಿನ್ಸಿಪಾಲರು ಹಿಂದೆ ಕೂತಿದ್ದರು. ನನ್ನ ನಿಯಮವನ್ನು ನಾನೇ ಮುರಿಯುವುದು ಹೇಗೆ? ಆ ಮಾತು ಹೇಳುವಾಗ ನಿನ್ನ ಮುಖ ಕಣ್ಣ ಮುಂದೆ ಬಂತು. ಆದರೂ ಹೇಳಿದೆ. ನಿನಗೆ ಬರೆಯಲು ನಾಚಿಕೆಯಾಯಿತು, ಬರೆಯಲಿಲ್ಲ.

ನಿಜವಾದ ಕಾಯ್ದೆ ಇದು. ಮಾವ ಸತ್ತ ದಿನ ಅಣ್ಣತಮ್ಮಂದಿರು ಪಾಲು ಮಾಡಿಕೊಂಡಿದ್ದರೆ ಮಾವನಿಗೆ ಎಷ್ಟು ಬರುತ್ತಿತ್ತೋ ಅಷ್ಟೂ ಈಗ ನಿನ್ನದು. ಹೆಂಡತಿ ಇರುವಾಗ ಆ ಭಾಗ ಅಣ್ಣನಿಗೆ ಹೋಗುವುದಿಲ್ಲ. ಮಕ್ಕಳು ಇರಲಿ ಬಿಡಲಿ. ಅದನ್ನು ನೀನು ಉಳಬಹುದು, ಮಾರಬಹುದು, ಯಾರಿಗೆ ಬೇಕಾದರೂ ಕೊಡಬಹುದು. ನೀನೇ ಬಿಟ್ಟುಕೊಟ್ಟರೆ ಮಾತ್ರ ಹೋಗುತ್ತದೆ. ಸಹಿ ಹಾಕಬೇಡ ಅಕ್ಕಾ, ಕೈ ಮುಗಿಯುತ್ತೇನೆ.

ನಾಳೆ ಕಮಿಟಿ ಇದೆ, ನಾನು ಅಲ್ಲಿರಲೇಬೇಕು ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ. ಶುಕ್ರವಾರ ಬರುತ್ತೇನೆ. ಒಂದು ದಿನ ಹೇಗಾದರೂ ತಳ್ಳು. ಹೊಲವನ್ನು ಸಿರುಗುಪ್ಪದ ಯಾರಿಗಾದರೂ ಕೋರಿಗೆ ಹಾಕಿ, ಬೆಳೆಯ ಪಾಲು ಬರುವ ಹಾಗೆ ಮಾಡಿ, ನಿನ್ನನ್ನು ಬಳ್ಳಾರಿಗೆ ಕರೆದುಕೊಂಡು ಬರುತ್ತೇನೆ. ಒಂದು ಮನೆ ಹಿಡಿಯುತ್ತೇನೆ. ಎಲ್ಲ ಯೋಚನೆ ಮಾಡಿದ್ದೇನೆ.

ಉಜ್ಜಿನಪ್ಪ


ಹಚ್ಚೊಳ್ಳಿ
೯ ಅಕ್ಟೋಬರ್ ೧೯೭೮

ತಮ್ಮ ಉಜ್ಜಿನಪ್ಪಗ,

ಶುಕ್ರವಾರ ನೀ ಬಂದಿ. ಭಾವನ ಕೂಡ ಕಾಯ್ದಿ ಕಲಮು ಹಿಡಿದು ಜಗಳಾಡಿದಿ, ನನ್ನ ಟ್ರಂಕು ಕಟ್ಟು ಅಂದಿ, ನಾ ಒಲ್ಲೆ ಅಂದೆ, ಸಿಟ್ಟು ಮಾಡಿ ಸಂಜಿ ಬಸ್ಸಿಗೆ ಹೋದಿ. ಅವತ್ತು ಹೇಳಾಕ ಆಗದ್ದು ಈಗ ಬರೀತೀನಿ.

ಗುರುವಾರ ಮಾರೆಣ್ಣ ಬರೋದ್ರಾಗ ಎಲ್ಲಾ ಮುಗಿದಿತ್ತು. ನಿನ್ನ ಕಾಗದ ನೋಡಿ ನಾ ಸಹಿ ಹಾಕಲಿಲ್ಲ ಅಂತ ನೀ ತಿಳಕೊಂಡಿದ್ರ, ಅದು ಹಂಗಲ್ಲ.

ಮುಂಜಾನಿ ಟ್ರ್ಯಾಕ್ಟರಿನಾಗ ಕರಕೊಂಡು ಹೋದ್ರು. ದಾರಿ ಉದ್ದಕ್ಕೂ ನೆಗೆಣ್ಣಿ ನನ್ನ ಕೈ ಹಿಡಕೊಂಡಿದ್ಲು, ಪ್ರೀತೀಲೆ ಹಿಡಕೊಂಡಿದ್ಲೋ ಓಡಿ ಹೋದಾಳು ಅಂತ ಹಿಡಕೊಂಡಿದ್ಲೋ ಶಿವನೇ ಬಲ್ಲ. ಎಮ್ಮಿಗುಂಡಿ ಹೊಲ ದಾಟಿದಿವಿ. ಭತ್ತ ಹಾಲು ತುಂಬೈತಿ. ಕಾಯ್ದಿ ನನ್ನ ಕಡಿ ಇಲ್ಲ, ನನ್ನ ತಮ್ಮನ ಹಂಗ ಹೇಳ್ಯಾನ, ಇನ್ನೇನೈತಿ ಅಂತನ ತಿಳಕೊಂಡು ಕುಂತಿದ್ದೆ.

ಕಚೇರಿಯಾಗ ನನ್ನ ಹೆಸರು ಕರದ್ರು. ರಿಜಿಸ್ಟ್ರಾರ್ ಕನ್ನಡಕ ಹಾಕ್ಕೊಂಡ ಮನುಷ್ಯ. ಮುಖ ಎತ್ತಿ ಸೈತ ನೋಡಲಿಲ್ಲ. ಕಾಗದ ತಿರುವಿಕೋಂತ, "ಏನಮ್ಮಾ, ನಿಮ್ಮ ಸ್ವಂತ ಮನಸ್ಸಿನಿಂದ ಬರಕೊಡಾಕ ಹತ್ತೀರೇನು?" ಅಂದ.

ಅದು ಆಯಪ್ಪ ದಿನಾ ಎಲ್ಲಾರನ್ನೂ ಕೇಳೋ ಮಾತು. ನನಗೂ ಗೊತ್ತೈತಿ. ಆದ್ರ ನಿಮ್ಮ ಮಾವ ಹೋದ ಮ್ಯಾಲೆ ನನ್ನ ಮನಸ್ಸು ಏನಂತ ಕೇಳಿದ ಮೊದಲನೇ ಮನುಷ್ಯ ಆತ. ಭಾವ ಹಿಂದಿನಿಂದ, "ಹೂಂ ಅನ್ನವ್ವಾ" ಅಂದ್ರು. ಆಯಪ್ಪ ತಲಿ ಎತ್ತಿ, "ನೀವು ಸುಮ್ನಿರ್ರಿ, ಆಯಮ್ಮ ಹೇಳ್ಲಿ" ಅಂದ.

"ಇಲ್ರಿ" ಅಂದೆ. "ನನ್ನ ಮನಸ್ಸಿನಿಂದಲ್ರಿ" ಅಂದೆ. ಅಷ್ಟ. ಕಾಯ್ದಿ ಯಾರ ಕಡಿ ಐತೋ ನನಗೇನು ಗೊತ್ತಿತ್ತು? ಆತ ಕೇಳಿದ್ದಕ್ಕ ಇದ್ದ ಮಾತು ಹೇಳಿದೆ. ಆತ ಕಾಗದ ಮಡಚಿ ಭಾವನ ಕೈಗೆ ವಾಪಸ್ ಕೊಟ್ಟು ಮುಂದಿನಾವ್ರನ್ನ ಕರದ.

ಭಾವ ಟ್ರ್ಯಾಕ್ಟರ್ ತಗೊಂಡು ನನ್ನ ಬಿಟ್ಟು ಹೋದ್ರು. ಬಸ್‌ಸ್ಟ್ಯಾಂಡಿನಾಗ ಒಬ್ಬಾಕಿನ ನಿಂತಿದ್ದೆ. ಆ ಮಾರೆಣ್ಣ ನಮ್ಮೂರಿಗೆ ಹೋಗಿ, ನಾ ಇಲ್ಲಂತ ತಿಳದು, ಮತ್ತ ಸಿರುಗುಪ್ಪಕ್ಕ ಓಡಿ ಬಂದಿದ್ದ. ಬೆವತು ನೀರಾಗಿದ್ದ. ಗಾಬರ್ಯಾಗ ಹೆಸರು ತಪ್ಪಿ, "ಹಂಪಮ್ಮನೋರಾ?" ಅಂದ. ಅಳಬೇಕೋ ನಗಬೇಕೋ ತಿಳೀಲಿಲ್ಲ. "ಚನ್ನವೀರಮ್ಮ ಅಂತಾರಪ್ಪ, ಕುಂಡ್ರು" ಅಂದೆ. ನಿನ್ನ ಕಾಗದ ಕೊಟ್ಟ. ಆಮ್ಯಾಲೆ ನಾ ಏನು ಕೇಳಿದ್ರೂ ಹೇಳಿದ. ನನ್ನ ಪಾಲು ಎಷ್ಟು, ಯಾಕ ನನ್ನದು, ಭಾವ ಏನಂದ್ರ ನಾ ಏನನ್ನಬೇಕು, ಎಲ್ಲಾ. ಒಂದ ಒಂದು ಮಾತು ತಡವರಿಸಲಿಲ್ಲ. ಬಸ್ಸು ಬಂದು ಹೋತು, ನಾವು ಹತ್ತಲಿಲ್ಲ. "ಇದನ್ನ ಅವತ್ತ ಯಾಕ ಹೇಳಲಿಲ್ಲಪ್ಪಾ?" ಅಂದೆ. "ಅವತ್ತು ಸರ್ ನನ್ನ ಪರೀಕ್ಷಿ ಮಾಡಾಕ ಕೇಳಿದ್ರಮ್ಮಾ, ನೀವು ತಿಳಕೊಳ್ಳಾಕ ಕೇಳಾಕ ಹತ್ತೀರಿ" ಅಂದ.

ಈಗ ನಂದು ಒಲಿ ಬ್ಯಾರೆ. ದನದ ಕೊಟ್ಟಿಗಿ ಬಾಜೂಕಿನ ಖೋಲಿ ಕೊಟ್ಟಾರ. ಬಾವಿಕಟ್ಟಿ ಮ್ಯಾಲೆ ಇನ್ನಾ ಯಾರೂ ಮಾತಾಡಂಗಿಲ್ಲ. ರಾತ್ರಿ ಬಾಗಲ ಹಾಕ್ಕೊಂಡ್ರೂ ಎದಿ ಹೊಡಕೋತೈತಿ. ಭಾವ ಖರೇ ಕೋರ್ಟಿಗೆ ಹೋಗ್ತೀನಿ ಅಂತಾರ. ಹೋಗ್ಲಿ.

ನಿನ್ನ ಮ್ಯಾಲೆ ಸಿಟ್ಟು ಹೋಗಿಲ್ಲ. ತೀರ್ಪು ಹೇಳಿದ್ದಕ್ಕಲ್ಲ. ಕೋಳಿ ಮೊಟ್ಟಿ ಯಾರದಂತ ಕ್ಲಾಸಿನ ಹುಡುಗರ್ನೆಲ್ಲಾ ಕೇಳಿದಿ. ನನ್ನ ಹೊಲದ ಮ್ಯಾಲೆ ಅಷ್ಟೂ ಮಂದೀನ ಪ್ರಶ್ನಿ ಮಾಡಿದಿ. ಸಹಿ ಹಾಕಬ್ಯಾಡ ಅಂದಿ, ಕೋರಿಗೆ ಹಾಕ್ತೀನಿ ಅಂದಿ, ಟ್ರಂಕು ಕಟ್ಟು ಅಂದಿ. ನಿನ್ನ ಕಾಗದ ಎಲ್ಲಾ ತಗದು ಮತ್ತ ಓದಿದೆ. ನನ್ನೊಬ್ಬಾಕಿನ್ನ ನೀ ಏನೂ ಕೇಳಿಲ್ಲೋ ಉಜ್ಜಿನಪ್ಪಾ. ಭಾವನೂ ಕೇಳಲಿಲ್ಲ, ನೀನೂ ಕೇಳಲಿಲ್ಲ.

ಹಿಂಡಿ ಮುಗದಿದ್ರ ತಿಳಿಸು. ಕುಟ್ಟಿ ಇಟ್ಟೀನಿ.

ಅಕ್ಕ


ಬಳ್ಳಾರಿ
೧೪ ಅಕ್ಟೋಬರ್ ೧೯೭೮

ಅಕ್ಕಾ,

ಕೆಲಸ ಖಾಯಂ ಆತಂತ ನಿನ್ನೆ ಆರ್ಡರ್ ಬಂತು. ಯಾರಿಗೂ ಪೇಡೆ ಹಂಚಲಿಲ್ಲ.

ನಿನಗ ಉತ್ತರ ಬರಿಯಾಕ ಕುಂತು ಸಾಕಷ್ಟು ಹಾಳಿ ಹರಿದು ಹಾಕಿದೆ. ಎಲ್ಲಾದ್ರಾಗೂ ನಾ ಹೇಳೋದ ಇತ್ತು. ಅದಕ್ಕ ಈ ಸಲ ಒಂದ ಒಂದು ಕೇಳ್ತೀನಿ.

ಎಮ್ಮಿಗುಂಡಿ ಹೊಲ ಏನು ಮಾಡಬೇಕಂತ ನಿನ್ನ ಮನಸ್ಸಿನಾಗ ಐತಿ?

ನೀ ಬರಿಯೋ ತನಕ ನಾ ಸುಮ್ನಿರ್ತೀನಿ.

ನಿನ್ನ ತಮ್ಮ